ಚಳಿಗೆ ಹೆಪ್ಪುಗಟ್ಟಿದ ಬೇವಿನ ಎಣ್ಣೆ ಕೆಟ್ಟಿದೆಯೇ?

ಯಾದಗಿರಿ ಜಿಲ್ಲೆಯ ಕಡೇಚೂರು ಭಾಗದಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಗಳು ತಂಪಾಗಿರುತ್ತವೆ. ತೊಗರಿ, ಕಡಲೆಯ ಕಾಯಿಕೊರಕಕ್ಕೆಂದು ತಂದಿಟ್ಟ ಬೇವಿನ ಎಣ್ಣೆ ಆಗ ಮಂದವಾಗಿ, ಡಬ್ಬಿಯ ತಳದಲ್ಲಿ ಬೆಣ್ಣೆಯಂತೆ ಗಟ್ಟಿಯಾಗುವುದುಂಟು. ಕೆಟ್ಟಿತೆಂದು ಅದನ್ನು ಚೆಲ್ಲುವುದು, ಮೇಲಿನ ತಿಳಿಯನ್ನಷ್ಟೇ ಬಳಸುವುದು, ಒಲೆಯ ಮೇಲೆ ಕುದಿಸುವುದು – ಈ ಮೂರರಿಂದಲೂ ರೈತನಿಗೆ ನಷ್ಟವೇ.

ಎರಡು ಬಿಂದುಗಳ ಸಂಬಂಧ

ಶುದ್ಧ ವಸ್ತುವಿನ ಕರಗುವ ಬಿಂದು ಹಾಗೂ ಹೆಪ್ಪುಗಟ್ಟುವ ಬಿಂದು ಒಂದೇ. ಮಂಜುಗಡ್ಡೆ 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ನೀರು ಹೆಪ್ಪುಗಟ್ಟುವುದೂ ಅಲ್ಲಿಯೇ. ಶಾಖ ಒಳಹೊಕ್ಕರೆ ಕರಗುವುದು, ಹೊರಹೋದರೆ ಗಟ್ಟಿಯಾಗುವುದು. ಯೂರಿಯಾ ಸುಮಾರು 133 ಡಿಗ್ರಿಯಲ್ಲಿ ಕರಗುತ್ತದೆ. ಕಾರ್ಖಾನೆಯ ಎತ್ತರದ ಗೋಪುರದಿಂದ ಕರಗಿದ ಯೂರಿಯಾವನ್ನು ಹನಿಹನಿಯಾಗಿ ಬೀಳಿಸಿದಾಗ, ಗಾಳಿಗೆ ತಣಿದು ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ ಬಿಳಿಯ ಕಾಳಾಗುತ್ತದೆ.

ಎಣ್ಣೆಯ ಸಂಗತಿ ಬೇರೆ. ಅದು ಹಲವು ಕೊಬ್ಬುಗಳ ಮಿಶ್ರಣ. ಬೇವಿನ ಎಣ್ಣೆಯಲ್ಲಿ ಬೇಗ ಗಟ್ಟಿಯಾಗುವ ಕೊಬ್ಬಿನ ಅಂಶ ಶೇಂಗಾ ಎಣ್ಣೆಗಿಂತ ಹೆಚ್ಚು. ಆದ್ದರಿಂದಲೇ ಒಂದೇ ಮನೆಯಲ್ಲಿಟ್ಟರೂ ಶೇಂಗಾ ಎಣ್ಣೆ ತೆಳುವಾಗಿದ್ದು, ಬೇವಿನ ಎಣ್ಣೆ ಹೆಪ್ಪುಗಟ್ಟುತ್ತದೆ. ಮಿಶ್ರಣವು ಒಂದೇ ಬಿಂದುವಿನಲ್ಲಲ್ಲ, ಹಂತಹಂತವಾಗಿ ಗಟ್ಟಿಯಾಗುತ್ತದೆ. ಮೊದಲು ಗಟ್ಟಿಯಾದ ಭಾಗ ತಳ ಸೇರುತ್ತದೆ. ಅಲ್ಲದೆ, ಒಮ್ಮೆ ಗಟ್ಟಿಯಾದ ಕೊಬ್ಬು ಪೂರ್ತಿ ಕರಗಬೇಕಾದರೆ ಹೆಪ್ಪುಗಟ್ಟಿದಾಗಿನ ಉಷ್ಣತೆಗಿಂತ ತುಸು ಹೆಚ್ಚಿನ ಬಿಸಿ ಬೇಕು. ಬೆಳಿಗ್ಗೆ ಬಿಸಿಲೇರಿದ ಮೇಲೂ ಡಬ್ಬಿಯಲ್ಲಿ ಗಡ್ಡೆ ಉಳಿಯುವುದು ಇದರಿಂದಲೇ.

ಮಾಡಬೇಕಾದುದು

ಮುಚ್ಚಳ ಬಿಗಿದ ಡಬ್ಬಿಯನ್ನು ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಇಡಬೇಕು. ಗಡ್ಡೆ ಪೂರ್ತಿ ಕರಗಿದ ನಂತರ ಚೆನ್ನಾಗಿ ಕುಲುಕಿ, ಆಮೇಲೆ ಅಳೆಯಬೇಕು. ಬೆಂಕಿಯ ಮೇಲೆ ಇಡಲೇಬಾರದು: ಹೆಚ್ಚಿನ ಶಾಖಕ್ಕೆ ಕೀಟಗಳನ್ನು ತಡೆಯುವ ಅಜಾಡಿರಾಕ್ಟಿನ್ ಅಂಶ ನಾಶವಾಗುತ್ತದೆ, ದ್ರಾವಕ ಬೆರೆತ ತಯಾರಿಕೆಯಾದರೆ ಬೆಂಕಿ ಹತ್ತುವ ಅಪಾಯವೂ ಇದೆ.

ಬರೀ ಎಣ್ಣೆಯಾದರೆ ಮೊದಲು ಸಾಬೂನಿನ ದ್ರಾವಣದೊಡನೆ ಕಲಸಿ, ನಂತರ ನೀರಿಗೆ ಬೆರೆಸಬೇಕು. ಮುಂಜಾನೆಯ ತಣ್ಣೀರಿಗೆ ಸುರಿದರೆ ಎಣ್ಣೆ ಮತ್ತೆ ಹೆಪ್ಪುಗಟ್ಟಿ ಪಂಪಿನ ನಾಜಲ್ ಕಟ್ಟಿಕೊಳ್ಳಬಹುದು. ಹಗಲಿನ ಬಿಸಿಲಿಗೆ ಬೆಚ್ಚಗಾದ ನೀರು ಬಳಸಿ ಸಂಜೆ ಸಿಂಪಡಿಸುವುದು ಒಳ್ಳೆಯದು. ಅಜಾಡಿರಾಕ್ಟಿನ್ ಬಿಸಿಲಿಗೂ ಸತ್ವ ಕಳೆದುಕೊಳ್ಳುತ್ತದೆ.

ಹೆಪ್ಪುಗಟ್ಟುವುದು ಎಣ್ಣೆಯ ಸಹಜ ಗುಣ, ಕೆಟ್ಟಿತೆಂಬುದರ ಗುರುತಲ್ಲ. ಆದರೆ ಡಬ್ಬಿಯ ಮೇಲಿನ ಅವಧಿ ಮುಗಿದಿದ್ದರೆ ಎಷ್ಟು ತಿಳಿಯಾಗಿದ್ದರೂ ಬಳಸಬಾರದು.