ಮಸರಕಲ್ಲಿನಿಂದ ಮೂಸಿ ದಂಡೆಗೆ

ದೇವದುರ್ಗ ತಾಲ್ಲೂಕಿನ ಮಸರಕಲ್ ಕಡೆಯ ರೈತ ನೂರು ವರ್ಷಗಳ ಹಿಂದೆ ಹೊಲದ ವ್ಯಾಜ್ಯವನ್ನು ಕಡೇ ಮೆಟ್ಟಿಲವರೆಗೂ ಒಯ್ಯಬೇಕೆಂದರೆ ಬಂಡಿ ಕಟ್ಟಿಕೊಂಡು ರಾಯಚೂರಿಗೆ ಬರಬೇಕಿತ್ತು. ಅಲ್ಲಿಂದ ರೈಲಿನಲ್ಲಿ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದು. ಆ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅವನ ಮಾತು ಕನ್ನಡ. ದೊಡ್ಡ ಅದಾಲತ್ತಿನ ವಾದ, ಫೈಸಲಾ ಎಲ್ಲ ಉರ್ದು.

ಈ ಏರ್ಪಾಡು ಒಂದೇ ದಿನದಲ್ಲಿ ಆದದ್ದಲ್ಲ. 1853ರಲ್ಲಿ ಸಂಸ್ಥಾನದ ದಿವಾನರಾದ ಸಾಲಾರ್ ಜಂಗ್ ನ್ಯಾಯಾಲಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟತೊಡಗಿದರು. ಆದರೂ ಕಂದಾಯ ವಸೂಲಿ ಮಾಡುವ ಅಧಿಕಾರಿಯೇ ನ್ಯಾಯವನ್ನೂ ಹೇಳುವ ಪದ್ಧತಿ ಬಹುಕಾಲ ಉಳಿಯಿತು. ಕಂದಾಯ ಕೇಳಿದವನ ಮುಂದೆಯೇ ರೈತ ಕೈಮುಗಿದು ನಿಲ್ಲಬೇಕು! 1920ರ ದಶಕದ ಆರಂಭದಲ್ಲಿ ನಿಜಾಮ್ ಉಸ್ಮಾನ್ ಅಲಿ ಖಾನ್ ಎರಡನ್ನೂ ಬೇರ್ಪಡಿಸಿದರು. ಅವರ ಆಡಳಿತದಲ್ಲಿ ಇದೇ ದೊಡ್ಡ ಕೆಲಸವೆಂದು ನನ್ನ ಎಣಿಕೆ. ಹೈದರಾಬಾದಿನ ಮೂಸಿ ನದಿಯ ದಂಡೆಯ ಕೆಂಪು ಕಲ್ಲಿನ ಹೈಕೋರ್ಟು ಕಟ್ಟಡ 1920ರಲ್ಲಿ ತೆರೆದಿತ್ತು.

ಹೈಕೋರ್ಟಿನ ಮೇಲೂ ಒಂದು ಪೀಠವಿತ್ತು: ಜುಡಿಷಿಯಲ್ ಕಮಿಟಿ. ಬ್ರಿಟಿಷ್ ಇಂಡಿಯಾದವರಿಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಗೋ, ನಿಜಾಮರ ಪ್ರಜೆಗಳಿಗೆ ಇದು ಹಾಗೆ. ಕಮಿಟಿ ಸಲಹೆ ಕೊಡುತ್ತಿತ್ತು, ಕೊನೆಯ ಮಾತು ನಿಜಾಮರದು.

ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ, 1950ರ ಜನವರಿ 26ರಂದು ಸಂವಿಧಾನದ 374ನೇ ವಿಧಿ ಇಂಥ ಪೀಠಗಳ ಅಧಿಕಾರವನ್ನು ಕೊನೆಗೊಳಿಸಿತು. ಬಾಕಿ ಪ್ರಕರಣಗಳು ದೆಹಲಿಯ ಸುಪ್ರೀಂ ಕೋರ್ಟಿಗೆ ಹೋದವು. ಆ ಸಂಧಿಕಾಲದಲ್ಲಿ ಜೀವಗಳೇ ಸಿಕ್ಕಿಕೊಂಡವು. ತೆಲಂಗಾಣ ರೈತ ಹೋರಾಟದ ಜನಾರ್ದನ ರೆಡ್ಡಿ ಮತ್ತಿತರರ ಗಲ್ಲು ಶಿಕ್ಷೆಯನ್ನು ಹೈದರಾಬಾದ್ ಹೈಕೋರ್ಟು 1949ರ ಡಿಸೆಂಬರಿನಲ್ಲಿ ಎತ್ತಿಹಿಡಿದಿತ್ತು. ಸಂವಿಧಾನಕ್ಕೆ ಮೊದಲಿನ ಆ ತೀರ್ಪಿನ ಮೇಲೆ ತನಗೆ ಮೇಲ್ಮನವಿ ಅಧಿಕಾರವಿಲ್ಲ ಎಂದಿತು ಸುಪ್ರೀಂ ಕೋರ್ಟು. ಬರೀ ಕೆಲವು ವಾರಗಳ ಅಂತರ. ಮುಂದೆ ಶಿಕ್ಷೆ ಇಳಿದು ಅವರು ಬದುಕಿದರು; ಆದರೆ ನ್ಯಾಯದ ಬಾಗಿಲು ತಾರೀಖು ನೋಡಿ ಮುಚ್ಚಿದ್ದು ಇಂದಿಗೂ ಸಂಕಟ ಹುಟ್ಟಿಸುತ್ತದೆ.

1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆ ನಮ್ಮದಾಯಿತು, ಹೈಕೋರ್ಟು ಮಾತ್ರ ಬೆಂಗಳೂರಿಗೆ, ಇನ್ನಷ್ಟು ದೂರ ಸರಿಯಿತು. ಕಲಬುರಗಿಯಲ್ಲಿ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅಷ್ಟು ತಡವಾಗಬಾರದಿತ್ತು.

ದೇವದುರ್ಗ, ಮಾನ್ವಿ ಕಡೆಯ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಅಜ್ಜನ ಕಾಲದ ಉರ್ದು ಕಾಗದಗಳಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಓದಬಲ್ಲ ಹಿರಿಯರು ಊರಲ್ಲಿರುವಾಗಲೇ ಓದಿಸಿ, ಕನ್ನಡದಲ್ಲಿ ಬರೆಸಿಡಿ.