ಚೆಂಡೆಸೆದವನ ಪಾಲು

ಕಳೆದ ಮಾಗಿಯಲ್ಲಿ ಶಿವಮೊಗ್ಗೆಯಲ್ಲಿ ನಡೆದ ಕಾಲೇಜು ಕ್ರಿಕೆಟ್ ಪಂದ್ಯವೊಂದರ ಶ್ರೇಷ್ಠ ಆಟಗಾರನನ್ನು ಆರಿಸುವ ಭಾರ ನನ್ನ ಮೇಲೆ ಬಿದ್ದಿತು. ಎಪ್ಪತ್ತು ರನ್ನು ಹೊಡೆದ ದಾಂಡಿಗನಿಗೆ ಪಾರಿತೋಷಕವನ್ನಿತ್ತೆ, ಚಪ್ಪಾಳೆಯೂ ಬಿದ್ದಿತು. ಬಿಸಿಲಿನಲ್ಲಿ ಒಂದೇ ಸಮನೆ ಚೆಂಡೆಸೆದು ಎದುರಾಳಿಗಳನ್ನು ಕಟ್ಟಿಹಾಕಿದವನು ಭದ್ರಾವತಿಯ ಹುಡುಗ. ಅವನ ಹೆಸರಿನೆದುರು ಇದ್ದುದು ಎರಡೇ ವಿಕೆಟ್ಟು. ಮ್ಯಾಟು ಸುತ್ತುತ್ತಿದ್ದವನು ತಲೆಯೆತ್ತಿ, "ನಮ್ಮೂರು ವಿಶ್ವನಾಥರು ಹುಟ್ಟಿದ ಊರಲ್ಲವೇ ಸಾರ್? ಅಲ್ಲಿಯೂ ಬ್ಯಾಟಿಗೇ ಮರ್ಯಾದೆ" ಎಂದು ನಕ್ಕ. ಆ ನಗೆ ನನ್ನನ್ನು ಚುಚ್ಚಿತು.

ಹುಡುಗನ ಮಾತು ಸುಳ್ಳಲ್ಲ. 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಜಿ.ಆರ್. ವಿಶ್ವನಾಥರು 1975ರಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಔಟಾಗದೆ ಗಳಿಸಿದ 97 ರನ್ನುಗಳನ್ನು ಅರಿಯದವರಾರು? ಅದೇ ಪಂದ್ಯದ ಮೊದಲ ಸರದಿಯಲ್ಲಿ ಐದು ವಿಕೆಟ್ಟು ಕಿತ್ತ ನಮ್ಮವರೇ ಆದ ಪ್ರಸನ್ನರನ್ನು ನೆನೆಯುವವರೆಷ್ಟು ಮಂದಿ?

ಪ್ರಸನ್ನರಿಗಾದರೂ ಹೆಸರುಂಟು. 1981-82ರ ರಣಜಿ ಸೆಮಿಫೈನಲಿನಲ್ಲಿ ಕರ್ನಾಟಕದ ರಘುರಾಮ ಭಟ್ಟರ ಸ್ಪಿನ್ನಿಗೆ ಮುಂಬಯಿ ತಂಡ ತತ್ತರಿಸಿತು. ಅವರನ್ನು ಎದುರಿಸಲು ಗಾವಸ್ಕರರಂಥವರು ಎಡಗೈಯಲ್ಲಿ ಬ್ಯಾಟು ಹಿಡಿದರು. ಅಂತಹ ಭಟ್ಟರಿಗೆ ದೊರೆತುದು ಎರಡೇ ಟೆಸ್ಟು.

ರಾಜಿಂದರ್ ಗೋಯಲರಿಗೆ ಅದೂ ಇಲ್ಲ. ರಣಜಿಯಲ್ಲಿ 637 ವಿಕೆಟ್ಟು ಪಡೆದ ಆ ಎಡಗೈ ಬೌಲರನ್ನು 1974ರ ಬೆಂಗಳೂರು ಟೆಸ್ಟಿಗೆ ಕರೆಸಿಕೊಂಡು ಹೊರಗೇ ಕೂರಿಸಿದರು. ಮುಂಬಯಿಯ ಪದ್ಮಾಕರ ಶಿವಾಲ್ಕರರದೂ ಇದೇ ಕಥೆ. ಬಿಷನ್ ಸಿಂಗ್ ಬೇಡಿಯವರ ಕಾಲದಲ್ಲಿ ಅಂಥದೇ ಕೈಚಳಕವಿದ್ದುದೇ ಇಬ್ಬರ ದುರದೃಷ್ಟ. 2017ರಲ್ಲಿ ಕ್ರಿಕೆಟ್ ಮಂಡಳಿಯು ಈರ್ವರಿಗೂ ಸಿ.ಕೆ. ನಾಯುಡು ಪ್ರಶಸ್ತಿಯನ್ನಿತ್ತಾಗ ಇಬ್ಬರೂ ಎಪ್ಪತ್ತು ದಾಟಿದ್ದರು. ಗೋಯಲರು 2020ರಲ್ಲಿ, ಶಿವಾಲ್ಕರರು 2025ರಲ್ಲಿ ತೀರಿಕೊಂಡರು. ತಡವಾದ ಸನ್ಮಾನ ಕೃತಜ್ಞತೆಯಾದೀತು. ಕಳೆದ ಅವಕಾಶವನ್ನು ಮರಳಿ ತಂದೀತೇ?

ತಕ್ಕಡಿ ಹಿಡಿದವನು ತಟ್ಟೆಯಲ್ಲಿ ಬಿದ್ದುದನ್ನು ಮಾತ್ರ ತೂಗುತ್ತಾನೆ. ರನ್ನು ಕಣ್ಣಿಗೆ ಕಾಣುತ್ತದೆ. ಬೌಲರು ಕೊಡದೆ ಉಳಿಸಿದ ರನ್ನು ಕಾಣುವುದಿಲ್ಲ. ಅಮೆರಿಕದವರು ತಮ್ಮ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವರಿಗೆಂದೇ 1956ರಿಂದ ಸೈ ಯಂಗ್ ಹೆಸರಿನ ಪ್ರತ್ಯೇಕ ಪ್ರಶಸ್ತಿಯನ್ನಿಟ್ಟಿದ್ದಾರೆ. ಆ ವಿವೇಕ ನಮಗೂ ಬೇಕು.

ಬರುವ ಮಾಗಿಯ ಪಂದ್ಯಕ್ಕೆಂದು ಎರಡನೆಯ ಪಾರಿತೋಷಕವೊಂದನ್ನು ನಾನೇ ಕೊಂಡಿಟ್ಟಿದ್ದೇನೆ. ಭದ್ರಾವತಿಯ ಆ ಹುಡುಗನ ಓದು ಮುಗಿದಿದೆ. ಅವನು ಆಡಲು ಬರಲಾರ. ಹಳೆಯ ಸಾಲ ತೀರದು. ಹೊಸ ಸಾಲವಾದರೂ ನನ್ನ ಕೈಯಿಂದ ಆಗದಿರಲಿ.