ಮಕ್ಕಳನ್ನೂ ಕೂರಿಸಿಕೊಳ್ಳೋದಾದ್ರೆ ಮೊದಲ ಹಳೇ ದೋಣಿ ಹೇಗಿರಬೇಕು?

ಮಳೆ ಬಂದು ಕೆರೆ ತುಂಬಿದ ಮೇಲೆ ನನ್ನ ಫೋನಿಗೆ ದೋಣಿ ಫೋಟೋಗಳು ಬರೋಕೆ ಶುರುವಾಗುತ್ತೆ. "ಅಣ್ಣಾ, ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ, 12 ಅಡಿ, ತಗೋಬಹುದಾ?" ಅಂತ. ಈಚೆಗೆ ಅದರ ಕೆಳಗೆ ಇನ್ನೊಂದು ಸಾಲೂ ಇರುತ್ತೆ: "ಭಾನುವಾರ ಮಕ್ಕಳನ್ನೂ ಕರ್ಕೊಂಡು ಹೋಗ್ಬೇಕು." ಈ ಎರಡನೇ ಸಾಲು ಇದ್ದರೆ ನನ್ನ ಉತ್ತರ ಬದಲಾಗುತ್ತೆ. ಬಲೆ ಬಿಡೋಕೆ ಒಗ್ಗುವ ದೋಣಿಯೆಲ್ಲ ಮಕ್ಕಳಿಗೆ ಒಗ್ಗಲ್ಲ.

ನಾನಿರೋದು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿ. ಊರು ಮಾಗಡಿ ಕಡೆ, ಅಲ್ಲಿನ ಕೆರೆಯ ಮೀನು ಗುತ್ತಿಗೆಯಲ್ಲಿ ನಮ್ಮ ಭಾವನ ಜೊತೆ ಪಾಲು. ನಮ್ಮ ಮನೆ ಮಕ್ಕಳೂ ದೋಣಿ ಹತ್ತುತ್ತಾರೆ. ಅದಕ್ಕೇ ಈ ವಾರ ಕಾಟ್ಲಾ, ರೋಹು ಬಿಟ್ಟು ದೋಣಿಯ ಮಾತು.

ಮೊದಲು ಎರಡು ದುರಂತ ನೆನಪಿರಲಿ

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಜನ ಸತ್ತರು. ಅವರಲ್ಲಿ ಮಕ್ಕಳೇ ಬಹಳ. ಅದು ಮೀನು ಹಿಡಿಯುವ ದೋಣಿಯನ್ನು ಜನ ಕೂರೋ ಹಾಗೆ ಮಾರ್ಪಡಿಸಿದ್ದು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅಲ್ಲಿ ಸಮುದ್ರವೂ ಇರಲಿಲ್ಲ, ಅಲೆಯೂ ಇರಲಿಲ್ಲ. ಊರೊಳಗಿನ ಕೆರೆ. ಹೊರಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ.

ಇದರಿಂದ ನಾವು ಕಲಿಯಬೇಕಾದ್ದು ಇಷ್ಟು: ಮಕ್ಕಳಿರುವ ದೋಣಿಗೆ ವೇಗ ಬೇಡ, ಚೆಂದದ ಪೇಂಟ್ ಬೇಡ. ಅದು ಸುಲಭಕ್ಕೆ ವಾಲಬಾರದು. ನೀರು ತುಂಬಿಕೊಂಡರೂ ಮುಳುಗಬಾರದು. ಈ ಎರಡು ಗುಣ ಇಲ್ಲದ ದೋಣಿ ಪುಕ್ಕಟೆ ಸಿಕ್ಕರೂ ಬೇಡ.

ಹರಿಗೋಲೋ, ಫೈಬರ್ ದೋಣಿಯೋ?

ನಮ್ಮ ಕಡೆ ಹಳೇದು ಅಂತ ಸಿಗೋದು ಮುಖ್ಯವಾಗಿ ಎರಡು. ಬಿದಿರಿನ ಅಥವಾ ಫೈಬರಿನ ಹರಿಗೋಲು ಒಂದು, ತಳ ಚಪ್ಪಟೆ ಇರುವ ಫೈಬರ್ ದೋಣಿ ಇನ್ನೊಂದು. ಹರಿಗೋಲು ಅಗ್ಗ, ಹಗುರ, ಹೆಗಲ ಮೇಲೆ ಹೊತ್ತು ತರಬಹುದು. ಪಳಗಿದವರ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತೆ. ಆದರೆ ಅಂಚು ತಗ್ಗು, ಗಾಳಿ ಬಂದರೆ ಗಿರಗಿರ ಸುತ್ತುತ್ತೆ, ಎಲ್ಲರೂ ಒಂದೇ ಕಡೆ ಬಾಗಿದರೆ ನೀರು ಒಳಗೆ. ಮೀನು ಕಂಡ ಕೂಡಲೇ ಮಕ್ಕಳು ಮಾಡೋದೂ ಅದನ್ನೇ. ಹಾಗಾಗಿ ಹೊಸಬರಿಗೆ, ಮಕ್ಕಳ ಜೊತೆಗೆ, ನಾನು ಹೇಳೋದು ಚಪ್ಪಟೆ ತಳದ ಫೈಬರ್ ದೋಣಿ.

ಕರಾವಳಿಯಿಂದ ಬಂದ ಉದ್ದನೆಯ, ಕಿರಿದಾದ ದೋಣಿಗಳೂ ಮಾರಾಟಕ್ಕೆ ಸಿಗುತ್ತವೆ. ಅವು ಅಲೆ ಸೀಳೋಕೆ ಮಾಡಿದ್ದು. ಕೆರೆಯಲ್ಲಿ ನಿಂತ ಜಾಗದಲ್ಲೇ ಬಲೆ ಎತ್ತುವಾಗ ಅವು ಬೇಗ ವಾಲುತ್ತವೆ.

ಟೇಪ್ ಹಿಡಿದು ಲೆಕ್ಕ ಹಾಕಿ

ದೋಣಿ ವಾಲದಂತೆ ತಡೆಯೋದರಲ್ಲಿ ಅಗಲದ ಪಾಲು ದೊಡ್ಡದು. ಉದ್ದ ಅಷ್ಟೇ ಇದ್ದು ಅಗಲ 4 ಅಡಿಯಿಂದ 5 ಅಡಿಯಾದರೆ ಆ ತಡೆಯುವ ಶಕ್ತಿ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ಅದಕ್ಕೇ 14 ಅಡಿ ಉದ್ದದ ಕಿರಿದು ದೋಣಿಗಿಂತ 12 ಅಡಿಯ ಅಗಲ ದೋಣಿ ಮೇಲು.

ಎಷ್ಟು ಜನ ಕೂರಬಹುದು? ಸಣ್ಣ ದೋಣಿಗಳಿಗೆ ಅಮೆರಿಕದ ಕರಾವಳಿ ಕಾವಲು ಪಡೆ ಹೇಳುವ ಸುಲಭ ಲೆಕ್ಕವೊಂದಿದೆ. ಉದ್ದ, ಅಗಲ ಎರಡನ್ನೂ ಅಡಿಯಲ್ಲಿ ಅಳೆದು ಗುಣಿಸಿ, 15ರಿಂದ ಭಾಗಿಸಿ. 12 ಅಡಿ ಉದ್ದ, 4 ಅಡಿ ಅಗಲ ಇದ್ದರೆ 48. ಭಾಗಿಸಿದರೆ 3 ಜನ. 14 ಅಡಿಗೆ 5 ಅಡಿ ಇದ್ದರೆ 70. ಅಲ್ಲಿಗೆ 4 ಜನ. ಉಳಿದ ಭಿನ್ನರಾಶಿ ಬಿಟ್ಟುಬಿಡಿ, ಮೇಲಕ್ಕೆ ಹತ್ತಿಸಬೇಡಿ. ನಮ್ಮ ಕೆರೆಗೆ ನಾನು ಎರಡು ಮಾತು ಸೇರಿಸುತ್ತೇನೆ. ಮಗು ಎಷ್ಟೇ ಚಿಕ್ಕದಿರಲಿ, ಪೂರ್ತಿ ಒಬ್ಬರು ಅಂತ ಎಣಿಸಿ. ಒದ್ದೆ ಬಲೆ, ಮೀನಿನ ಕ್ರೇಟು ಇದ್ದರೆ ಅದೂ ಒಬ್ಬರು.

ಮಾರುವವನ ಮುಂದೆಯೇ ಈ ಪರೀಕ್ಷೆ ಮಾಡಿ

ದೋಣಿಯನ್ನು ದಡದಲ್ಲಿ ನೋಡಿ ದುಡ್ಡು ಕೊಡಬೇಡಿ. ಸೊಂಟದಷ್ಟು ನೀರಿಗೆ ಇಳಿಸಿ.

ಒಂದು: ಇಬ್ಬರು ದೊಡ್ಡವರು ಒಂದೇ ಅಂಚಿಗೆ ಒತ್ತಿ ಕೂರಿ. ಆಗಲೂ ಆ ಅಂಚು ನೀರಿಗಿಂತ ಚೆನ್ನಾಗಿ ಮೇಲಿರಬೇಕು. ನೀರು ಅಂಚು ಮುಟ್ಟಿದರೆ ಅಲ್ಲಿಗೇ ಕೈ ಮುಗಿದು ಬನ್ನಿ.

ಎರಡು: ಒಪ್ಪಿದರೆ ಬಕೆಟ್ಟಿನಲ್ಲಿ ನೀರು ಹುಯ್ದು ದೋಣಿ ತುಂಬಿಸಿ. ಫೈಬರ್ ನೀರಿಗಿಂತ ಭಾರ. ಗಾಳಿಪೆಟ್ಟಿಗೆಯಾಗಲಿ ಫೋಮ್ ಆಗಲಿ ಇಲ್ಲದ ದೋಣಿ ತುಂಬಿದ ಮೇಲೆ ತಳ ಸೇರುತ್ತೆ. ತೇಲಿಕೊಂಡೇ ಇದ್ದರೆ ಒಳ್ಳೇದು, ಮಗುಚಿದಾಗ ಹಿಡಿದುಕೊಳ್ಳೋಕೆ ಒಂದು ಆಸರೆ ಇರುತ್ತೆ.

ಗಾಳಿಪೆಟ್ಟಿಗೆ ಇಲ್ಲ, ಉಳಿದದ್ದೆಲ್ಲ ಚೆನ್ನಾಗಿದೆ ಅಂದ್ರೆ? ಅದಕ್ಕೆ ದಾರಿ ಇದೆ. ಗಟ್ಟಿ ತಿರುಪು ಮುಚ್ಚಳದ 20 ಲೀಟರಿನ ಐದು ಖಾಲಿ ಕ್ಯಾನ್ ತಂದು, ಒಳಗಿನ ಎರಡೂ ಅಂಚಿನುದ್ದಕ್ಕೆ, ಸೀಟಿನ ಕೆಳಗೆ ಬಿಗಿಯಾಗಿ ಕಟ್ಟಿ. ಒಂದು ಲೀಟರ್ ಗಾಳಿ ಸುಮಾರು ಒಂದು ಕೆಜಿ ಎತ್ತುತ್ತೆ. 90 ಕೆಜಿಯ ಫೈಬರ್ ದೋಣಿ ನೀರೊಳಗೆ ತೂಗೋದು ಸುಮಾರು 30 ಕೆಜಿ ಮಾತ್ರ. 100 ಲೀಟರ್ ಗಾಳಿ ಅದನ್ನು ಎತ್ತಿ, ಅಂಚು ಹಿಡಿದು ನೇತಾಡುವವರಿಗೂ ಆಸರೆ ಉಳಿಸುತ್ತೆ. ಎಂಜಿನ್ ಇದ್ದರೆ ಅದರ ತೂಕಕ್ಕೆ ತಕ್ಕಂತೆ ಇನ್ನೆರಡು ಕ್ಯಾನ್ ಸೇರಿಸಿ. ಕಟ್ಟಿದ ಮೇಲೆ ಮತ್ತೊಮ್ಮೆ ನೀರು ತುಂಬಿಸಿ ನೋಡಲೇಬೇಕು.

ಹಳೇ ಫೈಬರಿನ ರೋಗಗಳು

ಒಂದು ನಾಣ್ಯ ತಗೊಂಡು ತಳವನ್ನೆಲ್ಲ ಕುಟ್ಟುತ್ತಾ ಹೋಗಿ. ಠಣ್ ಅಂದರೆ ಗಟ್ಟಿ. ದಪ್ ಅಂತ ಮಂಕಾಗಿ ಕೇಳಿದರೆ ಅಲ್ಲಿ ಪದರ ಬಿಟ್ಟುಕೊಂಡಿದೆ. ಹೊಸದಾಗಿ ಪೇಂಟ್ ಹೊಡೆದ ಜಾಗವನ್ನು ಒಳಗಿನಿಂದಲೂ ನೋಡಿ, ತೇಪೆ ಅಲ್ಲಿ ಕಾಣುತ್ತೆ. ಎಂಜಿನ್ ಕೂರುವ ಹಿಂದಿನ ಹಲಗೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತೆ. ಅದು ಕೊಳೆತಿದ್ದರೆ ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿದಾಗ ಬಾಗುತ್ತೆ. ಗಾಳಿಪೆಟ್ಟಿಗೆಯ ಪ್ಲಗ್ ಬಿಚ್ಚಿ, ನೀರು ಸುರಿದರೆ ಎಲ್ಲೋ ಬಿರುಕಿದೆ. ಒಳಮೈಯನ್ನು ಅಂಗೈಯಲ್ಲಿ ಸವರಿ. ಚುಚ್ಚುವ ಫೈಬರ್ ಎಳೆ ಇದ್ದರೆ ಮಕ್ಕಳ ಕಾಲಿಗೆ ತೊಂದರೆ, ಉಜ್ಜಿ ರೆಸಿನ್ ಬಳಿಸಿ.

ಮೇಲಿನ ಬಿರುಕು, ಸಣ್ಣ ತೇಪೆ ಇದಕ್ಕೆಲ್ಲ ಹೆದರಬೇಕಿಲ್ಲ. ನಮ್ಮ ಬಡಾವಣೆಗೆ ಹತ್ತಿರದ ಪೀಣ್ಯದಲ್ಲೇ ಫೈಬರ್ ಕೆಲಸದ ಶೆಡ್‌ಗಳಿವೆ, ನಿಮ್ಮ ಜಿಲ್ಲೆಯ ಕೈಗಾರಿಕಾ ಪ್ರದೇಶದಲ್ಲೂ ಕೇಳಿ ನೋಡಿ. ತಳವೆಲ್ಲ ಪದರ ಬಿಟ್ಟಿದ್ದರೆ, ಹಿಂದಿನ ಹಲಗೆ ಕೊಳೆತಿದ್ದರೆ ಬಿಟ್ಟುಬಿಡಿ.

ಎಂಜಿನ್ ಈಗಲೇ ಬೇಡ. ಊರ ಕೆರೆಗೆ ಎರಡು ಹುಟ್ಟು ಸಾಕು, ಜೊತೆಗೆ ಒಂದು ಹೆಚ್ಚುವರಿ ಇರಲಿ.

ಜಾಕೆಟ್ ದುಡ್ಡು ದೋಣಿ ದುಡ್ಡಲ್ಲೇ ಸೇರಿದೆ

ಬಜೆಟ್ಟನ್ನೆಲ್ಲ ದೋಣಿಗೆ ಸುರಿದು "ಜಾಕೆಟ್ ಆಮೇಲೆ ನೋಡೋಣ" ಅನ್ನೋರೇ ಜಾಸ್ತಿ. ಹತ್ತುವ ಪ್ರತಿಯೊಬ್ಬರಿಗೂ ಒಂದು ಜಾಕೆಟ್, ಮೊದಲೇ ತೆಗೆದಿಡಿ. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಲ್ಲಿ ಅದು ಮೇಲಕ್ಕೆ ಜಾರಿ ಮಗು ಕೆಳಗೆ ಉಳಿಯುತ್ತೆ. ಮಗುವಿನ ತೂಕ ನೋಡಿ ಅಳತೆ ತಗೊಳ್ಳಿ, ತೊಡೆಗಳ ನಡುವೆ ಬರುವ ಪಟ್ಟಿ ಇರಲೇಬೇಕು. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಗಲ್ಲ ಒಳಗೆ ಜಾರಿದರೆ ಅದು ಅವರ ಅಳತೆ ಅಲ್ಲ. ಟ್ಯೂಬು, ಸೋರೆಬುರುಡೆ, ಥರ್ಮಾಕೋಲ್ ತುಂಡು ಯಾವುದೂ ಜಾಕೆಟ್ಟಿಗೆ ಬದಲಿ ಅಲ್ಲ. ಬೀಳಬಾರದು ಅಂತ ಮಗುವನ್ನು ದೋಣಿಗೆ ಹಗ್ಗದಲ್ಲಿ ಕಟ್ಟಲೇಬೇಡಿ. ಮಗುಚಿದರೆ ಆ ಹಗ್ಗವೇ ಉರುಳು.

ಕೊಳ್ಳುವ ಮುಂಚೆ, ಹೊರಡುವ ಮುಂಚೆ

ಮಾರುವವನ ರಸೀದಿ ಕೇಳಿ. ಸರ್ಕಾರದ ಸಹಾಯಧನದಲ್ಲಿ ಬಂದ ದೋಣಿಯಾದರೆ ಮಾರೋಕೆ ಷರತ್ತು ಇರಬಹುದು. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಯಾವ ಕೆರೆಗೆ ಇಳಿಸುತ್ತೀರೋ ಅದರ ಗುತ್ತಿಗೆ ಯಾರದು, ಇಲಾಖೆಯದೋ ಪಂಚಾಯಿತಿಯದೋ, ಅದೂ ಗೊತ್ತಿರಲಿ.

ಬಲೆ ಬಿಡುವ ದಿನ ಮಕ್ಕಳು ಬೇಡ. ಬಲೆಗೆ ಕಾಲು ಸಿಕ್ಕಿಕೊಂಡರೆ ಈಜು ಬಂದರೂ ಉಪಯೋಗ ಇಲ್ಲ. ಗಾಳ ಹಾಕುವ ದಿನ ಕರೆದುಕೊಂಡು ಹೋಗಿ. ಒಂದು ಮಗುವಿಗೆ ಈಜು ಬರುವ ಒಬ್ಬ ದೊಡ್ಡವರು, ಈ ಲೆಕ್ಕ ತಪ್ಪಿಸಬೇಡಿ. ಮಕ್ಕಳು ನಡುವೆ, ದೋಣಿಯ ತಳದಲ್ಲೇ ಕೂರಲಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ಆಷಾಢದಲ್ಲಿ ದಿನವಿಡೀ ಗಾಳಿ. ಆಗೆಲ್ಲ ದೋಣಿ ದಡದಲ್ಲೇ ಇರಲಿ. ಹೂಳು ಎತ್ತಿದ ಕೆರೆಯಾದರೆ ಜೆಸಿಬಿ ತೋಡಿದ ಗುಂಡಿ ಎಲ್ಲೆಲ್ಲಿವೆ ಅಂತ ಊರವರನ್ನು ಕೇಳಿಕೊಳ್ಳಿ. ಮೊಣಕಾಲು ನೀರು ಅಂದುಕೊಂಡ ಪಕ್ಕದಲ್ಲೇ ಎರಡಾಳು ಆಳ ಇರುತ್ತೆ.

ಮುಂದಿನ ಸಲ ಫೋಟೋ ಕಳಿಸುವಾಗ ಬಣ್ಣ ಕಾಣೋ ಹಾಗೆ ದೂರದಿಂದ ತೆಗೆಯಬೇಡಿ. ಟೇಪ್ ಇಟ್ಟ ಅಗಲ, ಗಾಳಿಪೆಟ್ಟಿಗೆಯ ಒಳಭಾಗ, ಹಿಂದಿನ ಹಲಗೆ, ಇಬ್ಬರು ಒಂದೇ ಅಂಚಿಗೆ ಕೂತಾಗ ನೀರಿನ ಮಟ್ಟ, ಈ ನಾಲ್ಕು ಫೋಟೋ ಕಳಿಸಿ. ತಗೋಬಹುದೋ ಬೇಡವೋ ಅನ್ನೋದು ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತೆ.